ಚಾಂದನಿಯ ಬಾಲದ ಕೂದಲು

ಮಾನ್ವಿ,
೨೧ ನವೆಂಬರ್ ೨೦೨೪, ಗುರುವಾರ

ಚಿರಂಜೀವಿ ವಿಜಯಶ್ರೀಗೆ ಅವ್ವನ ಆಶೀರ್ವಾದಗಳು.

ಹರಿಯಾಣದಲ್ಲಿ ಚಳಿ ಬಲವಾಗಿದೆಯೆಂದು ಪತ್ರಿಕೆಯಲ್ಲಿ ಓದಿದೆ. ನಿನ್ನ ಕೆಮ್ಮು ನಿಂತಿತೇ? ಕಳಿಸಿದ ಜೋಳದ ಹಿಟ್ಟು ಮುಗಿದಿದ್ದರೆ ಸಂಕೋಚಪಡದೆ ತಿಳಿಸು. ನನ್ನ ಮೊಣಕಾಲು ಇದ್ದಂತೆಯೇ ಇದೆ. ಆದರೂ ಈ ಆರು ತಿಂಗಳಲ್ಲಿ ನಡೆದಷ್ಟು ನಾನು ನಿವೃತ್ತಿಯ ನಂತರ ಎಂದೂ ನಡೆದಿರಲಿಲ್ಲ. ಅದಕ್ಕಾಗಿ ಮೊದಲು ನಿನಗೆ ಕೃತಜ್ಞತೆ ಹೇಳಬೇಕು. ಮೂವತ್ತನಾಲ್ಕು ವರ್ಷ ಹಾಜರಿ ಪುಸ್ತಕ ಬರೆದ ಈ ಕೈಗೆ ನಿನ್ನ ಎಮ್ಮೆ ಸಂಶೋಧನೆಯ ನೆಪದಲ್ಲಿ ನೀನು ಮತ್ತೆ ಒಂದು ಪುಸ್ತಕ ಕೊಟ್ಟೆ.

ಇಲ್ಲಿ ಉಮ್ಮೇ ಕುಲ್ಸುಮಳ ನಾಲ್ಕು ಎಮ್ಮೆ, ದೇವದುರ್ಗದಾಚೆ ಜಾಲಹಳ್ಳಿಯಲ್ಲಿ ತಾಯಣ್ಣನ ಎಂಟು. ತಿಂಗಳಿಗೊಮ್ಮೆ ಬಾಲದ ಕೂದಲನ್ನು ಬುಡಕ್ಕೆ ಕತ್ತರಿಸಿ, ಲಕೋಟೆಯಲ್ಲಿಟ್ಟು, ಮೇಲೆ ದಿನಾಂಕ ಬರೆಯುವುದರಲ್ಲಿ ನಾನು ಒಮ್ಮೆಯೂ ತಪ್ಪಲಿಲ್ಲ. ದಿನದಿನದ ಮೇವು, ನೀರನ್ನು ಅವರಿಬ್ಬರೂ ತಮ್ಮ ಪುಸ್ತಕದಲ್ಲಿ ಬರೆದಿಡುತ್ತಾರೆ, ನಾನು ಅದರ ಶುದ್ಧಪ್ರತಿ ಮಾಡಿ ನಿನಗೆ ಕಳಿಸುತ್ತೇನೆ. ನೀನು ಫೋನಿನಲ್ಲಿ ವಿವರಿಸಿದ್ದನ್ನು ನಾನು ಕನ್ನಡದಲ್ಲಿ ಬರೆದಿಟ್ಟುಕೊಂಡು ಇಬ್ಬರಿಗೂ ಪಾಠ ಹೇಳಿದ್ದೇನೆ: ಸಾರಜನಕದಲ್ಲಿ ಹಗುರವಾದದ್ದೊಂದು, ಭಾರವಾದದ್ದೊಂದು ಇವೆ; ಎಮ್ಮೆ ಹಗುರವಾದದ್ದನ್ನು ಹೆಚ್ಚಾಗಿ ಗಂಜಲದಲ್ಲಿ ಹೊರಹಾಕುತ್ತದೆ, ಭಾರವಾದದ್ದು ಮೈಯಲ್ಲಿ ಉಳಿಯುತ್ತದೆ. ಆದ್ದರಿಂದ ತಿಂದ ಮೇವಿಗಿಂತ ಕೂದಲು ಬಹಳ ಭಾರವಿದ್ದರೆ ಆ ಎಮ್ಮೆ ದುಂದುಗಾರ್ತಿ. ಅಂತರ ಕಡಿಮೆಯಿದ್ದರೆ ಮಿತವ್ಯಯಿ. ತಾಯಣ್ಣ ಇದನ್ನು ಕೇಳಿ, "ಹಂಗಾದ್ರ ನಮ್ಮ ಮನ್ಯಾಗ ಎಲ್ಲಾರ ಕೂದಲಾನೂ ಒಯ್ರಿ ಅಕ್ಕೋರ, ಯಾರು ದಂಡಕ್ಕ ತಿಂತಾರಂತ ಗೊತ್ತಾಗ್ತದ" ಎಂದು ನಕ್ಕ.

ಹನ್ನೆರಡರಲ್ಲಿ ಕುಲ್ಸುಮಳ ಚಾಂದನಿ ಮೊದಲ ಸ್ಥಾನ ಪಡೆದಿದ್ದಾಳೆಂದು ನೀನು ಹೇಳಿದ ದಿನ ನನಗಾದ ಸಂತೋಷವನ್ನು ಏನೆಂದು ಬರೆಯಲಿ! ಬರೀ ಭತ್ತದ ಹುಲ್ಲು, ಒಂದಿಷ್ಟು ಹತ್ತಿಕಾಳಿನ ಹಿಂಡಿ. ಅಷ್ಟರಲ್ಲೇ ಅಂಥ ಮಿತವ್ಯಯ. ಡಿಸೆಂಬರ್ ಒಂಬತ್ತರಂದು ವಿದ್ವಾಂಸರ ಮುಂದೆ ಅದನ್ನು ಮಂಡಿಸುವುದಾಗಿಯೂ, ಅವಳ ಗಂಡುಕರುವನ್ನು ತಳಿಗಾಗಿ ನಿಮ್ಮ ಸಂಸ್ಥೆ ಕೊಳ್ಳಬಹುದೆಂದೂ ನೀನು ಹೇಳಿದ್ದೆ. ನಾನು ಪೇಡೆ ಹಿಡಿದು ಮರುದಿನವೇ ಕುಲ್ಸುಮಳ ಮನೆಗೆ ಹೋದೆ. ಮೂರನೆಯ ತರಗತಿಯಲ್ಲಿ ಮಗ್ಗಿ ತಪ್ಪಿ ನನ್ನಿಂದ ಬೈಸಿಕೊಂಡ ಹುಡುಗಿ, "ನನಗ ಯಾವತ್ತೂ ಕೊಡಲಿಲ್ಲ, ನನ್ನ ಎಮ್ಮಿಗಿ ಫಸ್ಟ್ ನಂಬರ್ ಕೊಟ್ರಿ ಅಕ್ಕೋರ" ಎಂದು ಚಾಂದನಿಯ ಕೊರಳು ತಬ್ಬಿಕೊಂಡಳು.

ಅಷ್ಟರಲ್ಲಿ ಎದುರು ಖಾನಾವಳಿಯ ಗುಲ್ನಾಜ್ ಒಂದು ಬಕೀಟು ಮುಸುರೆ ತಂದು, ಬಾಗಿಲಿಗೆ ಹತ್ತಿರ ಕಟ್ಟಿದ್ದ ಚಾಂದನಿಯ ತೊಟ್ಟಿಗೆ ಸುರಿದಳು. ಪಾತ್ರೆ ತೊಳೆದ ನೀರೆಂದು ನಾನೂ ಸುಮ್ಮನಿರುತ್ತಿದ್ದೆ. ಆದರೆ ಎಮ್ಮೆ ಮೂತಿಯೆತ್ತಿದಾಗ ಗದ್ದದ ತನಕ ಹಳದಿ ಬೇಳೆ ಮೆತ್ತಿಕೊಂಡಿತ್ತು. ದಿನವೂ ಹಾಕುತ್ತೀಯಾ ಎಂದು ಕೇಳಿದೆ. "ಶುಕ್ರವಾರ ನಮ್ಮದು ಬಂದ್ ರೀ, ಉಳಿದ ದಿನಾ ತಪ್ಪಂಗಿಲ್ಲ" ಎಂದಳು ಗುಲ್ನಾಜ್. ಕುಲ್ಸುಮ್ ಗಾಬರಿಯಿಂದ, "ಮುಸುರಿಗಿ ಮೇವು ಅಂತ ಯಾರರ ಅಂತಾರೇನ್ರೀ? ನೀರಲ್ಲೇನ್ರೀ ಅದು?" ಎಂದಳು. ಅವಳ ಮಾತು ಸುಳ್ಳಲ್ಲ. ನಮ್ಮ ಓಣಿಯಲ್ಲಿ ಮುಸುರೆಯನ್ನು ಮೇವೆಂದು ಎಣಿಸುವವರು ನಾನು ಸೇರಿದಂತೆ ಒಬ್ಬರೂ ಇಲ್ಲ.

ತೊಗರಿ ಗಾಳಿಯ ಸಾರಜನಕವನ್ನೇ ಹಿಡಿದು ಬೆಳೆಯುವುದರಿಂದ ಅದರಲ್ಲಿ ಭಾರವಾದದ್ದು ಕಡಿಮೆಯೆಂದು ನೀನೇ ಕಲಿಸಿದ್ದೆ. ಚಾಂದನಿಯ ಕೂದಲು ಹಗುರವಾದದ್ದು ಮಿತವ್ಯಯದಿಂದಲ್ಲ, ಬೇಳೆಯಿಂದ ಇರಬೇಕು. ಮನೆಗೆ ಬಂದು ಫೋನನ್ನು ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಕೆಳಗಿಟ್ಟೆ. ಯಾರಿಗೂ ಗೊತ್ತಾಗುವುದಿಲ್ಲವೆಂಬ ಯೋಚನೆಯೂ ಬಂದಿತ್ತೆಂದು ನಿನ್ನಲ್ಲಿ ಒಪ್ಪಿಕೊಳ್ಳುತ್ತೇನೆ. ಮರುದಿನ ಕುಲ್ಸುಮಳಿಗೆ ಎಲ್ಲವನ್ನೂ ತಿಳಿಸಿದೆ. ಅವಳು ಕರುವಿನ ಮೈ ತಿಕ್ಕುತ್ತಲೇ, "ಬರೀರಿ ಅಕ್ಕೋರ. ಚಾಂದನಿ ಕಾಪಿ ಹೊಡದು ಪಾಸಾದಳು ಅನ್ನೂದು ಬ್ಯಾಡ" ಎಂದಳು. ಆಮೇಲೆ ಐದು ದಿನ ಅವಳೇ ಬಕೀಟನ್ನು ಬಟ್ಟೆಯಲ್ಲಿ ಸೋಸಿ ಗಸಿಯನ್ನು ಬಿಸಿಲಿಗೆ ಹರಡಿದಳು, ನಾನು ತೂಗಿದೆ. ದಿನಕ್ಕೆ ಸರಾಸರಿ ಎಂಟುನೂರು ಗ್ರಾಂ ಒಣಗಿದ ಗಸಿ. ಅದರ ಪೊಟ್ಟಣ ಇದರೊಂದಿಗಿದೆ. ಪರೀಕ್ಷಿಸದೆ ಮಂಡಿಸಬೇಡ. ಇಂಥ ಶಿಷ್ಯೆ ನನಗೆ ಸಿಕ್ಕಿದ್ದಕ್ಕೆ ನಾನು ಋಣಿ. ಅವಳಿಗೆ ಮಗ್ಗಿಗಿಂತ ಹೆಚ್ಚಿನದೇನನ್ನೂ ನಾನು ಕಲಿಸಿರಲಿಲ್ಲ.

ತಲೆಗೆ ಎಣ್ಣೆ ಹಚ್ಚಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಗುರುಗಳಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕೆಲಸಕ್ಕೆ ಶಿವನ ಕೃಪೆಯಿರಲಿ.

ಇಂತಿ ನಿನ್ನ ಅವ್ವ,
ಅನ್ನಮ್ಮ

ತಾ.ಕ.: ಪೊಟ್ಟಣ ಕಟ್ಟುವಾಗ ಕುಲ್ಸುಮಳ ಮೂಲ ಪುಸ್ತಕ ತೆರೆದು ನೋಡಿದೆ. ನಾನು ಗೆರೆ ಎಳೆದುಕೊಟ್ಟ ನೀರಿನ ಅಂಕಣದಲ್ಲಿ ಉಳಿದ ಎಮ್ಮೆಗಳಿಗೆ ಬಕೀಟಿನ ಲೆಕ್ಕ '೪' ಎಂದಿದ್ದರೆ ಚಾಂದನಿಗೆ ಮಾತ್ರ ದಿನವೂ '೩+೧' ಎಂದಿದೆ. ಶುಕ್ರವಾರಗಳಲ್ಲಿ ಬರೀ '೪'. ಅವಳು ಮುಸುರೆಯನ್ನು ಬೇರೆಯಾಗಿಯೇ ಬರೆದಿದ್ದಳು. ಅಂದವಿಲ್ಲವೆಂದು ಶುದ್ಧಪ್ರತಿಯಲ್ಲಿ ಕೂಡಿಸಿ '೪' ಮಾಡಿದವಳು ನಾನು. ಮೂಲ ಪುಸ್ತಕವನ್ನೇ ಕಳಿಸುತ್ತಿದ್ದೇನೆ, ಅದರಿಂದ ಲೆಕ್ಕ ಸರಿಪಡಿಸಬಹುದು. ನಿನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ 'ಒಂದೂ ತಪ್ಪಿಲ್ಲದೆ ದಾಖಲೆಯಿಟ್ಟ ನನ್ನ ಅವ್ವನಿಗೆ' ಎಂಬ ಸಾಲಿದೆಯಲ್ಲ, ಅದನ್ನು ಓಣಿಗೆಲ್ಲ ಓದಿ ತೋರಿಸಿಬಿಟ್ಟಿದ್ದೇನೆ. ಅವರಿಗೆ ನಾನೇ ಹೇಳಿಕೊಳ್ಳುತ್ತೇನೆ. ಸಾಲು ಹಾಗೇ ಇರಲಿ. 'ನನ್ನ ಅವ್ವ' ಎನ್ನುವುದನ್ನು ಹೊಡೆದುಹಾಕಿ ಉಮ್ಮೇ ಕುಲ್ಸುಮ್ ಎಂದು ಬರೆ.