ಬೇಸ್ ಪೆಟ್ಟಿಗೆಯಲ್ಲಿ ಗಿಟಾರ್

ರಾಯಚೂರು, ೧೨ ಏಪ್ರಿಲ್ ೧೯೮೪

‘ನಾದ ಮೊದಲು ಮಣ್ಣಿಗೆ, ಆಮೇಲೆ ಕಿವಿಗೆ’ — ಮಣ್ಣಿಗೋ, ಕಲ್ಲಿಗೋ? ಎಲ್ಲಿ ಓದಿದ್ದೋ ನೆನಪಿಲ್ಲ. ನಿಜವೇ ಎಂದೂ ಅನುಮಾನ. ಎಂ.ಎ. ಓದುವಾಗ ಇಂಥ ಸಾಲಿಗೆ ಅಡಿಗೆರೆ ಎಳೆದು ಮುಂದೆ ಹೋಗುತ್ತಿದ್ದೆ.

ಸಂಜೆ ತಮ್ಮ ಕನಕರಾಯ ಮತ್ತೆ ಬೇಸ್ ಆಂಪ್ಲಿಫೈಯರ್‌ಗೆ ಗಿಟಾರ್ ಹಚ್ಚಿ ಕುಳಿತ. ಅವರ ಆರ್ಕೆಸ್ಟ್ರಾದಲ್ಲಿ ಬೇಸ್, ಅಂದರೆ ಮಂದ್ರದ ಗಿಟಾರ್, ನುಡಿಸುವ ವಲಿ ಪಾಷಾನ ಪೆಟ್ಟಿಗೆ ಅದು. ಇವನದು ಮಂಚದ ಕೆಳಗಿದೆ, ಕೆಟ್ಟಿಲ್ಲ. ಇದರಲ್ಲಿ ತಂತಿಯ ಮಿಂಚೆಲ್ಲ ಹೋಗಿ, ಗಿಟಾರ್ ಕಂಬಳಿ ಹೊದ್ದು ಮಾತಾಡಿದಂತೆ ಕೇಳುತ್ತದೆ. ಯಾಕೆಂದು ಕೇಳಿದೆ.

‘ಇದ್ರಾಗ ತೂಕ ಅದ, ಯಕ್ಕಾ.’

೧೫ ಏಪ್ರಿಲ್

ಚಹಾಕ್ಕೆ ಕರೆದೆ. ಬೆನ್ನು ಮಾಡಿ ಕುಳಿತಿದ್ದವನು ತಿರುಗಲಿಲ್ಲ. ಲೋಟ ಹಿಡಿದು ಎದುರಿಗೆ ಹೋದೆ. ಅವನ ಕಣ್ಣು ಮುಚ್ಚಿತ್ತು. ಬರಿಗಾಲನ್ನು ಪೆಟ್ಟಿಗೆಗೆ ಒತ್ತಿಕೊಂಡಿದ್ದ... ಆಗ ತಿಳಿಯಿತು. ಕಿವಿ ಹೋಗುತ್ತಿದೆ. ಕಾಲಿನಿಂದ ಕೇಳುತ್ತಿದ್ದಾನೆ.

ಲೋಟ ಇಟ್ಟು ಬಂದೆ. ಆರ್ಕೆಸ್ಟ್ರಾದವರಿಗೆ ಗೊತ್ತಾದರೆ ಕೈಬಿಡುತ್ತಾರೆ. ಗಿಟಾರ್ ಹೋದರೆ ಇವನಲ್ಲಿ ಏನು ಉಳಿಯುತ್ತದೆ?

೧೯ ಏಪ್ರಿಲ್

ಯಾರಿಗೂ ಸಂಶಯ ಬರಬಾರದೆಂದು ದಿನದಂತೆ ಅಡುಗೆಮನೆಯಿಂದಲೇ ಕೂಗಿ ಕರೆಯುತ್ತೇನೆ. ಬಾರದಿದ್ದರೆ, ಬಾರಿಸುವಾಗ ಅವನಿಗೆ ಮೈಮೇಲೆ ಎಚ್ಚರವಿರುವುದಿಲ್ಲ ಎಂದು ಪಕ್ಕದ ಮನೆಯ ಹಸೀನಾ ಬೇಗಂಗೆ ಹೇಳುತ್ತೇನೆ.

ವಲಿ ಪಾಷಾ ಬಂದಿದ್ದ. ಮಾನ್ವಿಯಲ್ಲಿ ಮದುವೆ ಕಾರ್ಯಕ್ರಮ, ಪೆಟ್ಟಿಗೆ ಬೇಕು. ಕನಕರಾಯನ ಮುಖ ಇಳಿಯಿತು. ಇಬ್ಬರೂ ಅದಕ್ಕೇ ವೈರ್ ಹಚ್ಚೋಣ ಎಂದ. ವಲಿ ಪಾಷಾ ನಕ್ಕ.

‘ಒಂದೇ ಒಲಿಗೆ ಅತ್ತಿ-ಸೊಸಿ ಇಬ್ರನ್ನೂ ಕೂಡಸ್ತಿಯೇನಲೇ?’

ಆದರೂ ಒಪ್ಪಿದ.

೨೪ ಏಪ್ರಿಲ್

ನಿನ್ನೆ ಮಾನ್ವಿ. ದೇವದುರ್ಗದ ಬೀಗರು. ನಾನೂ ಹೋಗಿದ್ದೆ — ಕಾವಲಿಗೆ ಹೋದಂತೆ.

ಹಾಡಿನ ನಡುವೆ ಗಿಟಾರಿನ ವೈರ್ ಕಳಚಿ ಬಿತ್ತು. ದನಿ ನಿಂತಿತು. ಕನಕರಾಯ ನಿಲ್ಲಲಿಲ್ಲ. ಪೆಟ್ಟಿಗೆಯ ಮೇಲೆ ಕಾಲು. ಅದರೊಳಗೆ ವಲಿ ಪಾಷಾನ ಬೇಸ್ ಬಡಿಯುತ್ತಿತ್ತಲ್ಲ, ಅದನ್ನೇ ತನ್ನದೆಂದುಕೊಂಡ. ಹಾಡು ಮುಗಿಯುವವರೆಗೂ ಬೆರಳು ಓಡಿದವು, ದನಿಯಿಲ್ಲದೆ. ತುಟಿಯಲ್ಲಿ ನಗೆ.

ಹಾಡು ಮುಗಿದ ಮೇಲೆ ವಲಿ ಪಾಷಾ ಬಗ್ಗಿ ವೈರ್ ಸಿಕ್ಕಿಸಿದ. ಇವನ ಮುಖ ನೋಡಲಿಲ್ಲ. ಹಿಂದಿರುಗುವಾಗ ಟೆಂಪೋದಲ್ಲಿ ಯಾರೂ ಆ ಮಾತೆತ್ತಲಿಲ್ಲ. ವಲಿ ಪಾಷಾನಿಗೆ ತಿಳಿಯಿತೋ? ಬರೀ ವೈರ್ ಬಿತ್ತು ಅಂದುಕೊಂಡನೋ?

೨ ಮೇ

ಬೆಳಿಗ್ಗೆ ವಲಿ ಪಾಷಾ ಪೆಟ್ಟಿಗೆ ತಂದಿಟ್ಟು ಹೋದ. ಇಲ್ಲೇ ಇರಲಿ ಎಂದನಷ್ಟೆ. ಯಾಕೆಂದು ಕೇಳಲು ಧೈರ್ಯವಾಗಲಿಲ್ಲ.

ಸಂಜೆ ಹಸೀನಾ ಬೇಗಂ ಹೆಪ್ಪಿಗೆ ಮೊಸರು ಕೇಳಲು ಬಂದಳು. ಅವಳಿಗೆ ಕೇಳಿಸಲೆಂದೇ ಒಳಗಿನಿಂದ ಜೋರಾಗಿ ಕರೆದೆ — ಕನಕಾ, ಊಟಕ್ಕೆ ಏಳು. ಅವನು ಬಾರಿಸುತ್ತಲೇ ಇದ್ದ. ಮತ್ತೆ ಕರೆದೆ.

ಬಟ್ಟಲು ಹಿಡಿದು ಬಾಗಿಲಿಗೆ ಹೋದಾಗ ಅವಳು ಮೆಲ್ಲಗೆ ಅಂದಳು:

‘ಯಾಕ ಸುಳ್ಳೇ ಕೂಗ್ತೀರಿ ಅಕ್ಕಾರ? ಓಣ್ಯಾಗಿನ ಸಣ್ಣ ಹುಡುಗರು ಸೈತ ಅವರ ಮಾರಿ ಮುಂದ ನಿಂತು ಮಾತಾಡ್ತಾವ. ನೀವೊಬ್ಬರೇ ಬೆನ್ನಿಗೆ ಕರೀತೀರಿ...’