ಐದಕ್ಕೆ ಎರಡು

ಮೇಘಶ್ರೀ,

"ಪ್ರೀತಿಯ" ಅಂತ ಶುರು ಮಾಡಿ ಹೊಡೆದುಹಾಕಿದೆ. ಆ ಮಾತನ್ನು ನಾನು ಆಫೀಸಿನಲ್ಲಿ ಸಿಕ್ಕಾಪಟ್ಟೆ ಬಳಸಿದ್ದೇನೆ.

ಸೋಮವಾರದ ವಿಷಯವನ್ನೇ ಬರೆಯುತ್ತೇನೆ. ನಮ್ಮ ಕಂಪನಿಯ ವಾತಾವರಣಕ್ಕೆ ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ, ಹೆಸರು ಬರೆಯಬೇಕಿಲ್ಲ ಅಂತ ಮೇಲಿನವರು ನಿಮ್ಮಂಥ ಚಿಕ್ಕ ವಯಸ್ಸಿನವರನ್ನು ಕೇಳಿದ್ದರಲ್ಲ. ಹಾಸನದ ಶಾಖೆಯಲ್ಲಿ ನೀವು ಹನ್ನೊಂದು ಜನ. ಹತ್ತು ಜನ ಐದು ಕೊಟ್ಟಿದ್ದರು, ಒಬ್ಬರು ಎರಡು. ನಿಮ್ಮ ಟೀಮ್ ಲೀಡರ್ ಆದ ನನಗೆ ಆ ಎರಡು ಬಿಟ್ಟು ಬೇರೇನೂ ಕಾಣಲಿಲ್ಲ.

ಮಧ್ಯಾಹ್ನ ಎಲ್ಲರ ಡಬ್ಬಿಗಳನ್ನೂ ಬಿಚ್ಚಿಟ್ಟುಕೊಂಡು ಕೂತಿದ್ದಾಗ, ನಿನಗೆ ಹುರುಳಿ ಸಾರು ಬಡಿಸುತ್ತಾ ತಮಾಷೆಯ ದನಿಯಲ್ಲಿ, "ನಮ್ಮನೆ ಮಕ್ಕಳಲ್ಲಿ ಯಾರಪ್ಪ ಎರಡು ಕೊಟ್ಟೋರು?" ಅಂದೆ. ಹೆಸರಿಲ್ಲದ ಉತ್ತರವನ್ನು ಊಟದ ಪಂಕ್ತಿಯಲ್ಲಿ ವಿಚಾರಣೆ ಮಾಡಿದ ಮಹಾತಾಯಿ ನಾನು. ಎಲ್ಲರೂ ತಲೆ ತಗ್ಗಿಸಿದರು. ನೀನು ಮಾತ್ರ ತುತ್ತು ಕೆಳಗಿಟ್ಟೆ.

"ನಾನೇ ಕಣಕ್ಕ. ಆಫೀಸಾಗಿದ್ರೆ ಟೈಮಾಯ್ತು, ಓಯ್ತೀನಿ ಅನ್ಬೋದಿತ್ತು. ನೀವು ಮನೆ ಅಂತೀರ. ಮನೇಲಿ ಆಗಲ್ಲ ಅಂತ ಎಂಗೆ ಏಳದು?"

ನನಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಸಂಜೆ ನಿನ್ನನ್ನು ಕರೆದು, "ಶುಕ್ರವಾರದ ತನಕ ತಿದ್ದಬಹುದಂತೆ ಪುಟ್ಟಿ, ಅಕ್ಕನಿಗೋಸ್ಕರ ಐದು ಮಾಡು" ಅಂದೆ. ನೀನು ನನ್ನೆದುರೇ ತಿದ್ದಿದೆ. ಆಮೇಲೆ ನನ್ನ ಜೊತೆ ನಗುವುದನ್ನೇ ಬಿಟ್ಟೆ.

ನಿನ್ನೆ ರಜೆ ಹಾಕಿ ಹೊಳೆನರಸೀಪುರದ ತಾಲ್ಲೂಕು ಕಚೇರಿಗೆ ಹೋಗಿದ್ದೆ. ಆದರೂ ನಿಮ್ಮನ್ನು ಬಿಟ್ಟೆನೇ? ನೀವು ಮನೆಗೆ ಹೊರಡುವ ಆರು ಗಂಟೆಗೆ ಐದು ನಿಮಿಷವಿರುವಾಗ, ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕೂತು ದಿನದ ಮೀಟಿಂಗನ್ನು ಫೋನಿನಲ್ಲೇ ಶುರು ಮಾಡಿದೆ. ಪಕ್ಕದಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬರು ಖಾಲಿ ಮಂಕರಿ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ನನ್ನ ಮಾತು ಮುಗಿಯುವಾಗ ಏಳಾಗಿತ್ತು, ಅವರು ಅಲ್ಲೇ ಇದ್ದರು. ಯಾರಿಗೆ ಕಾಯುತ್ತಿದ್ದೀರಮ್ಮ ಅಂತ ಕೇಳಿದೆ.

"ನನ್ ಮಗಳು ಮೇಘ ಆಸನದಿಂದ ಬರ್ಬೇಕು ಕಣವ್ವ. ಇಬ್ರೂ ಜೊತೇಲೇ ಊರಿಗೋಗದು. ಸೊಪ್ಪು ನಾಕ್ ಗಂಟ್ಗೇ ಕಾಲಿ ಆಯ್ತದೆ, ಕಾಯ್ತಾ ಕುಂತಿರ್ತೀನಿ. ಅವ್ರಾಫೀಸಲ್ಲಿ ಒಬ್ಬಕ್ಕ ಅವ್ರಂತೆ, ಮನೆ ಮಗಳಂಗೆ ನೋಡ್ಕತಾರಂತೆ. ಅದ್ಕೇ ಮನ್ಗೆ ಬ್ಯಾಗ ಬುಡಕ್ಕಿಲ್ಲ."

ಅವರ ದನಿಯಲ್ಲಿ ಎಳ್ಳಷ್ಟೂ ಸಿಟ್ಟಿರಲಿಲ್ಲ ಮೇಘ. ನೀನು ನಿನ್ನ ಅಮ್ಮನ ಮುಂದೆಯೂ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ಆ ಅಕ್ಕ ನಾನೇ ಅಂತ ಹೇಳಲು ಬಾಯಿ ಬರಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು. ನೀನು ಬಂದಿಳಿಯುವ ಮೊದಲೇ ಹಾಸನದ ಬಸ್ ಹತ್ತಿಬಿಟ್ಟೆ.

ಸೋಮವಾರದಿಂದ ಮೀಟಿಂಗ್ ಮಧ್ಯಾಹ್ನ ಮೂರಕ್ಕೆ. ಇದಕ್ಕಾಗಿ ನನಗೆ ಅಂಕ ಬೇಡ, ಇದನ್ನು ಮೊದಲೇ ಮಾಡಬೇಕಿತ್ತು. ಇವತ್ತು ಶುಕ್ರವಾರ, ಸಂಜೆ ಐದರ ತನಕ ಅಂಕ ಹಾಕುವ ಆ ಪುಟ ತೆರೆದಿರುತ್ತದೆ. ಈ ಕಾಗದವನ್ನು ನಿನ್ನ ಮೇಜಿನ ಮೇಲಿಟ್ಟು ನಾನು ಹೊರಗೆ ಹೋಗುತ್ತಿದ್ದೇನೆ, ಯಾರೂ ನಿನ್ನ ಹಿಂದೆ ನಿಂತಿರುವುದಿಲ್ಲ. ನಿನ್ನ ಎರಡನ್ನು ವಾಪಸ್ ಹಾಕು. ತಿದ್ದಿಸಿದ್ದು ನಾನೇ ಅಂತಲೂ ಬರಿ. ಮೇಲಿನವರು ಬೈದರೆ ಬೈಸಿಕೊಳ್ಳುತ್ತೇನೆ. ನಿನ್ನ ಮೇಲಿನ ಅಕ್ಕರೆ ಅದರಿಂದೇನೂ ಕಡಿಮೆಯಾಗುವುದಿಲ್ಲ.

"ಆಗಲ್ಲ" ಅನ್ನುವ ಮಾತು ಯಾರೆದುರೂ ನಿನ್ನ ಗಂಟಲಲ್ಲಿ ಉಳಿಯದಿರಲಿ, ತಾಯಿ. ಮೊದಲು ನನಗೇ ಹೇಳಿ ರೂಢಿ ಮಾಡಿಕೋ.

ಇಂತಿ,
ಯಶೋಧರಾ
ಟೀಮ್ ಲೀಡರ್, ಹಾಸನ ಶಾಖೆ