‘ಸ್ವತಂತ್ರವಾಗಿ ನಡೆಯುತ್ತಾರೆ’ ಎಂಬ ಸಾಲನ್ನು ಅಳಿಸಿ

ಪಟ್ಟಿಗಳ ಪರಮಾಧಿಕಾರಿಗಳೂ, ಸಂಕೇತಸಂಖ್ಯೆಗಳ ಸಾರ್ವಭೌಮರೂ, ನಾಲ್ಕು ಮಹಡಿ, ಇನ್ನೂರ ಹನ್ನೆರಡು ಹಾಸಿಗೆ ಹಾಗೂ ಕೆಟ್ಟು ನಿಂತ ಎರಡು ಲಿಫ್ಟುಗಳ ಏಕೈಕ ಒಡೆಯರೂ ಆದ ಶುಶ್ರೂಷಾ ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ, ಮೂರನೇ ಮಹಡಿಯ ಹದಿನೇಳನೇ ಹಾಸಿಗೆಯ ರೋಗಿ, ಅಂದರೆ ನನ್ನ ಅಜ್ಜಿ, ತಮ್ಮ ದಾಖಲೆಯ ಪ್ರಕಾರ ‘ಸ್ವತಂತ್ರವಾಗಿ ನಡೆಯುತ್ತಾರೆ; ಬೀಳುವ ಅಪಾಯ ಇಲ್ಲ’. ಅದೇ ಅಜ್ಜಿ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮಂಚಕ್ಕೂ ಗೋಡೆಗೂ ನಡುವೆ ಬಿದ್ದು, ಹಣೆಗೆ ಆರು ಹೊಲಿಗೆ ಹಾಕಿಸಿಕೊಂಡು ಮಲಗಿದ್ದಾಳೆ. ನಾಳೆ ಸಂಜೆ ನಾಲ್ಕಕ್ಕೆ ಅವಳನ್ನು ಎರಡನೇ ಮಹಡಿಗೆ ಕಳಿಸುತ್ತೀರಿ. ಆ ಸಾಲೂ ಅವಳ ಜೊತೆ ಇಳಿಯುತ್ತದೆ. ಅಲ್ಲಿನ ಸಿಸ್ಟರ್‌ಗಳಿಗೆ ಅಜ್ಜಿ ಗೊತ್ತಿಲ್ಲ, ಕಂಪ್ಯೂಟರ್ ಪರದೆ ಮಾತ್ರ ಗೊತ್ತು. ಮಂಚದ ಕಟಕಟೆ ಎತ್ತಬೇಕೋ ಬೇಡವೋ ಎಂದು ಅವರು ಪರದೆಯನ್ನೇ ಕೇಳುತ್ತಾರೆ. ಪರದೆ ಬೇಡ ಎನ್ನುತ್ತದೆ.

ತಮ್ಮ ಪಟ್ಟಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆರು ದಿನ ವಾರ್ಡಿನ ಸ್ಟೂಲಿನ ಮೇಲೆ ಕೂತವಳಿಗೆ ಓದಲು ಬೇರೆ ಸಾಹಿತ್ಯವೂ ಸಿಗಲಿಲ್ಲ ಬಿಡಿ. ರೋಗಿಗೆ ಬರಬಹುದಾದ ಪ್ರತಿಯೊಂದು ಕಷ್ಟಕ್ಕೂ ಒಂದು ಹೆಸರು, ಒಂದು ಸಂಖ್ಯೆ. ಅದಕ್ಕೆ ಮಾಡಬೇಕಾದ ಆರೈಕೆಗೆ ಮತ್ತೊಂದು. ಎಷ್ಟು ಗುಣವಾಯಿತು ಎನ್ನಲು ಒಂದರಿಂದ ಐದರವರೆಗೆ ಅಂಕ. ‘ನಿದ್ರಾಭಂಗ’ ಇದೆ, ‘ನುಂಗಲು ತೊಂದರೆ’ ಇದೆ, ‘ಭಯ’ಕ್ಕೂ ಪ್ರತ್ಯೇಕ ಸಂಖ್ಯೆಯಿದೆ. ಸ್ಟೂಲಿನ ಮೇಲೆ ಕೂತವರ ಭಯಕ್ಕೆ ಮಾತ್ರ ಇಲ್ಲ. ಇದ್ದಿದ್ದರೆ ಜೀವಮಾನದಲ್ಲಿ ಮೊದಲ ಸಲ ನನಗೆ ಪೂರ್ತಿ ಅಂಕ ಸಿಗುತ್ತಿತ್ತು.

ವಾರ್ಡಿನ ಕನ್ನಡಕದ ಸಿಸ್ಟರ್ ಪಟ್ಟಿಯನ್ನು ಬಿಟ್ಟುಕೊಡುವುದಿಲ್ಲ. “ಪಟ್ಟಿ ಕೆಟ್ಟದ್ದಲ್ಲಮ್ಮ. ನಾನು ಮನೆಗೆ ಹೋದ್ಮೇಲೂ ನನ್ನ ಮಾತು ಇಲ್ಲೇ ಇರುತ್ತೆ, ಮುಂದಿನ ಡ್ಯೂಟಿಯವಳಿಗೆ ಒಂದೇ ಪದದಲ್ಲಿ ಅರ್ಥ ಆಗುತ್ತೆ. ಆದ್ರೆ ಒಳಗೆ ಏನು ಹಾಕ್ತೀವೋ ಅದೇ ತಾನೇ ಹೊರಗೆ ಬರೋದು?”

“ಹಾಗಾದ್ರೆ ತಿದ್ದಿಬಿಡಿ ಸಿಸ್ಟರ್.”

“ಸೇರಿದ ದಿನ ಬರೆದದ್ದು ಇಪ್ಪತ್ನಾಲ್ಕು ಗಂಟೆ ಆದ್ಮೇಲೆ ಲಾಕ್ ಆಗುತ್ತೆ. ದೊಡ್ಡವರೇ ತೆಗೀಬೇಕು. ಎರಡು ಸಲ ಬರೆದೆ. ‘ಸೇರಿದ್ದು ಬೇರೆ ಹಾಳೆ, ಬಿದ್ದದ್ದು ಬೇರೆ ಹಾಳೆ’ ಅಂದ್ರು.”

ಆಹಾ! ಹಾಳೆ ಎರಡು ಸರಿ, ಅಜ್ಜಿಯೂ ಇಬ್ಬರೇ? ಒಬ್ಬಳು ಬಿದ್ದು ಮಲಗಿರುವಾಗ ಇನ್ನೊಬ್ಬಳು ಕಾರಿಡಾರಿನಲ್ಲಿ ಗಾಳಿ ಸೇವಿಸುತ್ತಿದ್ದಾಳೆಯೇ? ಸಿಕ್ಕರೆ ದಯವಿಟ್ಟು ಆ ಎರಡನೆಯವಳನ್ನು ನಮಗೆ ಕೊಡಿ.

ನಮ್ಮ ಅಪ್ಪ ಹೋಗಿ ವಿಚಾರಿಸಿದರೆ ತಮ್ಮ ಕಚೇರಿ ಕೊಟ್ಟ ಉತ್ತರವೇನು? ‘ಮಾಹಿತಿ ನೀಡಿದವರು: ರೋಗಿ. ನಿಮ್ಮ ತಾಯಿಯವರೇ ಹಾಗೆ ಹೇಳಿದ್ದಾರೆ.’ ರಕ್ತದಲ್ಲಿ ಉಪ್ಪಿನಂಶ ಇಳಿದು, ತಲೆ ಸುತ್ತಿ, ಕಣ್ಣು ಬಿಡಲಾಗದೆ ಬಂದವಳ ಮಾತು ವೇದವಾಕ್ಯವೇ? ಒಬ್ಬ ಸಿಸ್ಟರ್‌ಗೆ ಮೂವತ್ತೊಂದು ಹಾಸಿಗೆ ಕೊಟ್ಟು, ಹತ್ತು ಪ್ರಶ್ನೆಗೆ ನಾಲ್ಕು ನಿಮಿಷ ಕೊಟ್ಟರೆ, ಅವರು ಪರದೆ ನೋಡಬೇಕೋ, ಮುಖ ನೋಡಬೇಕೋ?

ನಮ್ಮ ಅಜ್ಜಿ ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದವಳು. ಅಪ್ಪ ತೂಕ ನೋಡಿಕೊಳ್ಳುವಾಗ ಹಿಂದಿನಿಂದ ಮೆಲ್ಲಗೆ ಯಂತ್ರದ ಮೇಲೆ ಒಂದು ಕಾಲಿಡುವುದನ್ನು ನನಗೆ ಕಲಿಸಿದವಳು ಅವಳೇ. ಅವಳ ದನಿಯಲ್ಲಿ ನಾನು ಅಪ್ಪನಿಗೆ ಫೋನ್ ಮಾಡಿ ಬೈದಾಗ, ಪಕ್ಕದಲ್ಲಿ ಕೂತು ಬಾಯಿಗೆ ಸೆರಗು ತುರುಕಿಕೊಂಡು ನಕ್ಕವಳೂ ಅವಳೇ. ಬಿದ್ದ ಮಾರನೆಯ ದಿನ ಅವಳು ನನ್ನನ್ನೇ ದಿಟ್ಟಿಸಿ, “ನೀನು ಯಾರ ಮಗಳಮ್ಮ?” ಎಂದಳು.

ಆಟ ಶುರುವಾಯಿತು ಅಂದುಕೊಂಡೆ. “ನಾನು ಈ ಆಸ್ಪತ್ರೆ ಓನರ್” ಎಂದೆ.

“ಹೌದಾ ತಾಯಿ?” ಎಂದು ಡ್ರಿಪ್ ಹಾಕಿದ ಕೈಯನ್ನೂ ಎತ್ತಿ ಮುಗಿದಳು.

ಅವಳು ನಗಲಿ ಎಂದು ಕಾದೆ. “ಸಾಕು ಅಜ್ಜಿ, ನಾಟಕ” ಎಂದೆ. ಅವಳು ಕೈ ಇಳಿಸಲಿಲ್ಲ. ಸಿಸ್ಟರ್ ಬಂದು ಪರದೆಯ ಮೇಲೆ ‘ಹಠಾತ್ ಗೊಂದಲ’ ಎಂಬುದನ್ನು ಒತ್ತಿದರು.

“ತಮಾಷೆ ಮಾಡ್ತಿರಬಹುದು ಅಂತ ಬರೀರಿ ಸಿಸ್ಟರ್. ಇವಳು ಅಂಥವಳೇ.”

“ಅದಕ್ಕೆ ನಂಬರ್ ಇಲ್ಲಮ್ಮ” ಎಂದರು, ಪಾಪ, ಮೆತ್ತಗೆ.

ಅದು ನಾಟಕವೋ ಗೊಂದಲವೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ ಮಾನ್ಯರೇ. ಗೊಂದಲದಲ್ಲಿರುವವಳು ತನ್ನ ಕಾಲು ನಡುಗುವುದನ್ನು ಮರೆತು ಎದ್ದೇಳುತ್ತಾಳೆ. ಈ ಸಲ ಕೆಳಗಿನ ಮಹಡಿಯಲ್ಲಿ, ಗುರುತಿಲ್ಲದವರ ನಡುವೆ.

ಆದ್ದರಿಂದ ಕೇಳುವುದಿಷ್ಟೇ. ನಾಳೆ ನಾಲ್ಕರೊಳಗೆ ಆ ಬೀಗ ತೆಗೆಸಿ, ಆ ಸಾಲನ್ನು ಅಳಿಸಿ. ‘ಬೀಳುವ ಅಪಾಯ’ದ ಹಳದಿ ಪಟ್ಟಿಯನ್ನು ಅವಳ ಕೈಗೆ ಕಟ್ಟಿಸಿ. ಇನ್ನು ಮುಂದೆ ‘ನಡೆಯುತ್ತಾರೆ’ ಎಂದು ಬರೆಯುವ ಮೊದಲು ಸಿಸ್ಟರ್ ರೋಗಿಯ ತೋಳು ಹಿಡಿದು ಮೂರು ಹೆಜ್ಜೆ ನಡೆಸಿ ನೋಡುವಷ್ಟು ಸಮಯ ಕೊಡಿ. ಯಾರೋ ಹೇಳಿದರು ಎಂದು ಒತ್ತಿಸಬೇಡಿ.

ಇಂತಿ,
ತಮ್ಮ ಪಟ್ಟಿಯಲ್ಲೆಲ್ಲೂ ಜಾಗವಿಲ್ಲದ, ಹದಿನೇಳನೇ ಹಾಸಿಗೆಯ ಪಕ್ಕದ ಸ್ಟೂಲು

ಬೀಗ ತೆಗೆದಾಗ ಇನ್ನೊಂದು ತಿದ್ದುಪಡಿಯೂ ಆಗಲಿ. ‘ಮಾಹಿತಿ ನೀಡಿದವರು: ರೋಗಿ’ ಎಂಬುದು ಸುಳ್ಳು. ಸೇರಿದ ದಿನ ಸಿಸ್ಟರ್ ಪರದೆಯತ್ತ ತಿರುಗಿ “ಅಜ್ಜಿ, ನೀವೇ ಓಡಾಡ್ತೀರಾ?” ಎಂದಾಗ, “ಓಡಾಡೋದೇನು, ರೇಸ್ ಇಟ್ಟು ನೋಡಮ್ಮ” ಎಂದ ದನಿ ಅಜ್ಜಿಯದು, ಬಾಯಿ ನನ್ನದು. ಅಜ್ಜಿ ಕಣ್ಣು ಮುಚ್ಚಿಕೊಂಡೇ ನಕ್ಕಳು. ಆಮೇಲೆ ಅವಳು ನಕ್ಕಿಲ್ಲ.